ಆರು ಎಣಿಕೆಯ ಆಕಾರ

ಈಜಿಪ್ಟಿನ ಶೇಖ್ ಮಹಮೂದ್ ಖಲೀಲ್ ಅಲ್-ಹುಸರಿ (1917–1980) ಅವರ ಕುರ್‌ಆನ್ ಪಠಣದಲ್ಲಿ ಮೊದಲು ಸೆಳೆಯುವುದು ಅಳತೆ, ರಾಗ ಆಮೇಲೆ. ಕುರ್‌ಆನ್‌ನ ಮೊದಲ ಅಧ್ಯಾಯ 'ಅಲ್ ಫಾತಿಹಾ'ದ ಕೊನೆಯ ಪದ 'ಅದ್ದಾಲ್ಲೀನ್' ಬಂದಾಗ ಕಿವಿಗೊಟ್ಟು ಕೇಳಬೇಕು. 'ದಾ' ಎಂಬ ದೀರ್ಘ ಆರು ಎಣಿಕೆಯಷ್ಟು ಹೊತ್ತು ಒಂದೇ ಹದದಲ್ಲಿ ಸಾಗುತ್ತದೆ. ಆಮೇಲಷ್ಟೇ ನಾಲಿಗೆ 'ಲ್ಲ'ದ ಮೇಲೆ ಒತ್ತಿ ಕೂರುತ್ತದೆ. ಅವಸರವಿಲ್ಲ, ಆಡಂಬರವೂ ಇಲ್ಲ.

ಹೀಗೆ ಸ್ವರ ಎಳೆಯುವುದಕ್ಕೆ 'ಮದ್ದ್' ಎನ್ನುತ್ತಾರೆ. ಶುದ್ಧ ಪಠಣದ ಶಾಸ್ತ್ರವಾದ ತಜ್ವೀದ್‌ನಲ್ಲಿ ಇದಕ್ಕೆ ದೊಡ್ಡ ಸ್ಥಾನ. ಅಲಿಫ್, ವಾವ್, ಯಾ ಅಕ್ಷರಗಳಿಂದ ಬರುವ ಸಹಜ ದೀರ್ಘಕ್ಕೆ ಎರಡು ಎಣಿಕೆ. ಅದೇ ಪದದಲ್ಲಿ ಮುಂದೆ ಹಮ್ಝ, ಅಂದರೆ ಗಂಟಲಲ್ಲಿ ತಡೆದು ಬಿಡುವ ದನಿ, ಬಂದರೆ, ನಮ್ಮಲ್ಲಿ ಪ್ರಚಲಿತವಾದ ಹಫ್ಸ್ ಪಾಠದಂತೆ, ನಾಲ್ಕೋ ಐದೋ. ಮುಂದೆ ಒತ್ತಕ್ಷರವಿದ್ದರೆ ಆರು. ಪದದ ಕೊನೆಯಲ್ಲಿ ನಿಲ್ಲಿಸುವಾಗ ಎರಡು, ನಾಲ್ಕು, ಆರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಆರಿಸಿದ್ದನ್ನು ಆ ಪಠಣದುದ್ದಕ್ಕೂ ಪಾಲಿಸಬೇಕು. ಎಣಿಕೆಗೆ ಗಡಿಯಾರ ಬೇಡ. ಬೆರಳೊಂದನ್ನು ಮಡಚುವ ಅಥವಾ ಬಿಡಿಸುವಷ್ಟು ಹೊತ್ತು ಒಂದು ಎಣಿಕೆ. ಓದು ವೇಗವಾದರೆ ಎಲ್ಲ ದೀರ್ಘಗಳೂ ಅದೇ ಪ್ರಮಾಣದಲ್ಲಿ ಕಿರಿದಾಗುತ್ತವೆ. ಛಂದಸ್ಸಿನ ಪಾಠದಲ್ಲಿ ಮಾತ್ರೆ ಎಣಿಸಿದ ಕನ್ನಡಿಗರಿಗೆ ಈ ಲೆಕ್ಕ ಹೊಸದೆನಿಸದು.

ಪ್ರವಾದಿಯವರ ಒಡನಾಡಿ ಇಬ್ನ್ ಮಸ್‌ಊದ್ ಅವರ ಮುಂದೆ ಒಬ್ಬರು 'ಅಲ್-ಫುಕರಾ' ಎಂಬ ಪದವನ್ನು ಎಳೆಯದೆ ಓದಿದರಂತೆ. ಪ್ರವಾದಿಯವರು ತಮಗೆ ಹೀಗೆ ಕಲಿಸಲಿಲ್ಲವೆಂದು ಅವರು ಆ ದೀರ್ಘವನ್ನು ಎಳೆದೇ ತೋರಿಸಿದರೆಂದು ಪರಂಪರೆ ಹೇಳುತ್ತದೆ. ಮುಂದೆ ಇಬ್ನ್ ಅಲ್-ಜಝರಿ (1350–1429) ಇಂಥ ನಿಯಮಗಳನ್ನು ಪದ್ಯದಲ್ಲಿ ಹೊಸೆದರು. ವಿದ್ಯಾರ್ಥಿಗಳು ಇಂದಿಗೂ ಅದನ್ನು ಬಾಯಿಪಾಠ ಮಾಡುತ್ತಾರೆ.

ಟಾಂಟಾ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ಹುಸರಿ ಬಾಲ್ಯದಲ್ಲೇ ಇಡೀ ಕುರ್‌ಆನ್ ಕಂಠಸ್ಥ ಮಾಡಿದವರು. ಈಜಿಪ್ಟಿನ ವಿದ್ವಾಂಸ ಲಬೀಬ್ ಅಲ್-ಸಈದ್ ಅವರ ಒತ್ತಾಸೆಯಿಂದ ಸಂಪೂರ್ಣ ಕುರ್‌ಆನ್‌ನ ಧ್ವನಿಮುದ್ರಣ ನಡೆದು 1961ರಲ್ಲಿ ಹೊರಬಂದಾಗ ಅದರಲ್ಲಿದ್ದದ್ದು ಇವರ ದನಿ. 1964ರಲ್ಲಿ ಕೈರೋದಲ್ಲಿ ಕುರ್‌ಆನ್ ಬಾನುಲಿ ಆರಂಭವಾದಾಗಲೂ ಜನ ಕೇಳಿದ್ದು ಇದೇ ದನಿಯನ್ನು.

ಈಗ ಆ ಮುದ್ರಣ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಕಲಿಯುವವನ ಐದನೇ ಎಣಿಕೆ ಮೊಟಕಾದರೆ ಮುದ್ರಣ ತಡೆಯುವುದಿಲ್ಲ. ಎದುರು ಕೂತ ಉಸ್ತಾದರು ತಡೆಯುತ್ತಾರೆ, ಮತ್ತೆ ಓದಿಸುತ್ತಾರೆ. ಹುಸರಿಯವರ ದನಿಯೂ ಹಾಗೆ ತಿದ್ದಿಸಿಕೊಂಡೇ ಹದವಾದದ್ದು. ದನಿಯನ್ನೇನೋ ಕಾಪಿಟ್ಟಿದ್ದೇವೆ, ಗುರುವಿನೆದುರು ಕೂತು ತಿದ್ದಿಸಿಕೊಳ್ಳುವ ವ್ಯವಧಾನವನ್ನೂ ಕಾಪಿಡಬಾರದೆ?