ಕಾಳ್ಗಿಚ್ಚಿನಿಂದ ಮನೆಗಳ ರಕ್ಷಣೆ: ಬೆಂಕಿ ನಿರೋಧಕ ಗಾಳಿಕಿಂಡಿಗಳ ಆಯ್ಕೆ

ಕಾಳ್ಗಿಚ್ಚಿನ ಜ್ವಾಲೆಯು ಗೋಡೆಯನ್ನು ಮುಟ್ಟದಿದ್ದರೂ ಮನೆಯು ಒಳಗಿನಿಂದ ಹೊತ್ತಿಕೊಳ್ಳುವುದುಂಟು. ಬಿರುಗಾಳಿಯಲ್ಲಿ ಬಹುದೂರ ಹಾರಿಬರುವ ಕೆಂಡದ ಕಿಡಿಗಳು ಸೂರಿನ ಕೆಳಗಿನ ಅಥವಾ ನೆಲಗಟ್ಟಿನ ಗಾಳಿಕಿಂಡಿಗಳ ಮೂಲಕ ಒಳಹೊಕ್ಕು, ಅಟ್ಟದಲ್ಲಿರುವ ಒಣ ಮರಕ್ಕೂ ಹಳೆಯ ಸಾಮಾನುಗಳಿಗೂ ಬೆಂಕಿ ಹಚ್ಚುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೆಚ್ಚಿನ ಮನೆಗಳ ಚೌಕಟ್ಟು ಮರದ್ದಾಗಿರುವುದರಿಂದ ಈ ಅಪಾಯವು ಅಲ್ಲಿ ಅಧಿಕವಾಗಿದೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಳ್ಗಿಚ್ಚುಗಳಲ್ಲಿ ಒಟ್ಟು 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಕರ್ನಾಟಕದಿಂದ ಹೋಗಿ ಆ ರಾಜ್ಯದಲ್ಲಿ ಸ್ವಂತ ಮನೆ ಹೊಂದಿರುವ ಕುಟುಂಬಗಳೂ ಈ ಮಾಹಿತಿಯನ್ನು ಗಮನಿಸುವುದು ಸೂಕ್ತ.

ನಿಯಮಗಳು

ಕಾಡಿನಂಚಿನ ಬೆಂಕಿ ಅಪಾಯ ವಲಯಗಳಲ್ಲಿ ಕಟ್ಟುವ ಹೊಸ ಮನೆಗಳಿಗೆ 2008ರಿಂದ ರಾಜ್ಯ ಕಟ್ಟಡ ಸಂಹಿತೆಯ 7ಎ ಅಧ್ಯಾಯವು ಅನ್ವಯವಾಗುತ್ತಿತ್ತು. 2026ರ ಜನವರಿ 1ರಿಂದ ಈ ನಿಯಮಗಳು ಪ್ರತ್ಯೇಕ ಸಂಹಿತೆಯಾಗಿ ಜಾರಿಯಲ್ಲಿವೆ. 2010ಕ್ಕಿಂತ ಮೊದಲು ಕಟ್ಟಿದ, ಹೆಚ್ಚಿನ ಅಪಾಯ ವಲಯದ ಮನೆಯನ್ನು ಮಾರುವವರು, ಗಾಳಿಕಿಂಡಿಗಳ ರಂಧ್ರವು 1/8 ಅಂಗುಲಕ್ಕಿಂತ ದೊಡ್ಡದಾಗಿರುವುದು ತಿಳಿದಿದ್ದಲ್ಲಿ, ಅದನ್ನು ಖರೀದಿದಾರರಿಗೆ ತಿಳಿಸತಕ್ಕದ್ದು.

ಆಯ್ಕೆಯ ವಿಧಾನ

ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ 1/4 ಅಂಗುಲದ ಜಾಲರಿ ಇರುತ್ತದೆ. ಇದು ಇಲಿ, ಹಕ್ಕಿಗಳನ್ನು ತಡೆಯುತ್ತದೆಯೇ ಹೊರತು ಕಿಡಿಗಳನ್ನಲ್ಲ. ತುಕ್ಕು ಹಿಡಿಯದ ಲೋಹದ, 1/16ರಿಂದ 1/8 ಅಂಗುಲ (1.6ರಿಂದ 3.2 ಮಿ.ಮೀ.) ರಂಧ್ರದ ಜಾಲರಿಯು ಕಡಿಮೆ ಖರ್ಚಿನ ಪರಿಹಾರವಾಗಿದೆ. ಪ್ಲಾಸ್ಟಿಕ್ ಅಥವಾ ನೈಲಾನ್ ಜಾಲರಿಯು ಶಾಖಕ್ಕೆ ಕರಗುವುದರಿಂದ ನಿರುಪಯುಕ್ತ. ಆದರೆ ಸಣ್ಣ ರಂಧ್ರದ ಜಾಲರಿಯೂ ಎಲ್ಲ ಕಿಡಿಗಳನ್ನು ತಡೆಯಲಾರದು. ಜ್ವಾಲೆಯನ್ನಂತೂ ತಡೆಯುವುದೇ ಇಲ್ಲ. ಆದುದರಿಂದ ಹಣಕಾಸಿನ ಅನುಕೂಲವಿದ್ದವರು ಕಿಡಿ ಮತ್ತು ಜ್ವಾಲೆ ಎರಡನ್ನೂ ತಡೆಯುವ ಗಾಳಿಕಿಂಡಿಗಳನ್ನು ಆರಿಸಿಕೊಳ್ಳುವುದು ಉತ್ತಮ.

ಇಂತಹ ಕೆಲವು ಗಾಳಿಕಿಂಡಿಗಳ ಒಳಭಾಗಕ್ಕೆ ಶಾಖ ತಗುಲಿದಾಗ ಉಬ್ಬಿ ದಾರಿ ಮುಚ್ಚುವ ವಸ್ತುವನ್ನು ಲೇಪಿಸಲಾಗಿರುತ್ತದೆ. ಲೇಪವು ಉಬ್ಬಲು ಸ್ವಲ್ಪ ಸಮಯ ಬೇಕಾಗುವುದರಿಂದ, ಅದರೊಂದಿಗೆ ಸಣ್ಣ ಜಾಲರಿಯಾಗಲಿ ಅಡ್ಡತಗಡುಗಳಾಗಲಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಮಾರಾಟಗಾರರ ಮಾತನ್ನಷ್ಟೇ ನಂಬದೆ, ಎಎಸ್‌ಟಿಎಂ ಇ2886 ಪರೀಕ್ಷೆಯ ದೃಢೀಕರಣವನ್ನು ಕೇಳಿ ಪಡೆಯುವುದು ಅವಶ್ಯಕ. ಈ ಪರೀಕ್ಷೆಯಲ್ಲಿ ಒಳಬಂದ ಕಿಡಿಗಳಿಂದ ಹತ್ತಿಗೆ ಬೆಂಕಿ ಹತ್ತುವುದೇ ಎಂಬುದನ್ನು ನೋಡಲಾಗುತ್ತದೆ; ಒಳಬದಿಯ ಉಷ್ಣತೆಯು 350 ಡಿಗ್ರಿ ಸೆಲ್ಸಿಯಸ್ ಮೀರುವಂತಿಲ್ಲ. ರಾಜ್ಯ ಅಗ್ನಿ ಮಾರ್ಷಲ್ ಕಚೇರಿಯು ಅನುಮೋದಿತ ಉತ್ಪನ್ನಗಳ ಪಟ್ಟಿಯನ್ನು ನಿರ್ವಹಿಸುತ್ತದೆ.

ಗಾಳಿಯ ಪ್ರಮಾಣ

ರಂಧ್ರ ಕಿರಿದಾದಷ್ಟೂ ಗಾಳಿಯ ಹರಿವು ತಗ್ಗುತ್ತದೆ. ಇದನ್ನು ಅನೇಕರು ಮರೆಯುತ್ತಾರೆ. ಫಲವಾಗಿ ಅಟ್ಟದಲ್ಲಿ ತೇವ ನಿಂತು ಮರ ಕೊಳೆಯುತ್ತದೆ. ಸಾಮಾನ್ಯ ನಿಯಮದಂತೆ ಅಟ್ಟದ ವಿಸ್ತೀರ್ಣದ 1/150 ಭಾಗದಷ್ಟು ತೆರಪು ಇರಬೇಕು. ಅಂದರೆ 1,500 ಚದರ ಅಡಿಯ ಅಟ್ಟಕ್ಕೆ 10 ಚದರ ಅಡಿ. ಉತ್ಪನ್ನದ ವಿವರಪತ್ರದಲ್ಲಿ ನಮೂದಿಸಿದ ನಿವ್ವಳ ತೆರಪನ್ನು ಕೂಡಿಸಿ ನೋಡಿ, ಕೊರತೆ ಕಂಡಲ್ಲಿ ಗಾಳಿಕಿಂಡಿಗಳ ಸಂಖ್ಯೆಯನ್ನು ಹೆಚ್ಚಿಸಬೇಕಾಗುತ್ತದೆ. ಕಾಮಗಾರಿಗೆ ಪರವಾನಗಿ ಬೇಕೇ ಎಂಬುದನ್ನು ಸ್ಥಳೀಯ ಕಟ್ಟಡ ಇಲಾಖೆಯಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು. ಖರೀದಿ ರಸೀದಿ ಮತ್ತು ದೃಢೀಕರಣದ ಪ್ರತಿಗಳನ್ನು ಕಾಯ್ದಿರಿಸಿದಲ್ಲಿ, 2022ರ ವಿಮಾ ನಿಯಮಗಳಡಿ ರಿಯಾಯಿತಿ ಕೋರುವಾಗ ಅವು ಉಪಯೋಗಕ್ಕೆ ಬರುತ್ತವೆ.

ಎಚ್ಚರಿಕೆಗಳು

ಬಟ್ಟೆ ಒಣಗಿಸುವ ಯಂತ್ರದ ಹೊಗೆನಳಿಕೆಯ ಬಾಯಿಗೆ ಜಾಲರಿ ಅಳವಡಿಸಬಾರದು. ನೂಲಿನ ಧೂಳು ಅಲ್ಲಿ ಕಟ್ಟಿಕೊಂಡು, ಕಾಳ್ಗಿಚ್ಚಿಲ್ಲದೆಯೇ ಬೆಂಕಿ ಏಳುವ ಸಂಭವವಿದೆ. ಅದಕ್ಕೆ ತಾನಾಗಿ ಮುಚ್ಚಿಕೊಳ್ಳುವ ಲೋಹದ ಕದವೇ ಸರಿ. ಉಳಿದ ಜಾಲರಿಗಳಿಗೆ ಬಣ್ಣ ಬಳಿಯದೆ, ಬೇಸಿಗೆಗೆ ಮುನ್ನ ಎಲೆ, ಜೇಡರ ಬಲೆಗಳನ್ನು ತೆಗೆದು ಶುಚಿಗೊಳಿಸಬೇಕು. ಸ್ಥಳಾಂತರದ ಆದೇಶ ಬಂದ ಮೇಲೆ ಗಾಳಿಕಿಂಡಿ ಮುಚ್ಚುವುದಕ್ಕೆಂದು ಏಣಿ ಹತ್ತದೆ, ಕೂಡಲೇ ಮನೆಯಿಂದ ಹೊರಡತಕ್ಕದ್ದು.