ಹಡಗಿನಿಂದಿಳಿದು ಓದಿದ ಕಲ್ಲು

ಚಿತ್ತಾಪುರ, ಶಹಾಬಾದ್, ಸೇಡಂ ಕಡೆಯ ಮನೆಗಳಲ್ಲಿ ನಾವು ದಿನವೂ ಮೆಟ್ಟುವ ಹಾಸುಗಲ್ಲು ಒಂದಾನೊಂದು ಕಾಲಕ್ಕೆ ಕಡಲಿನ ತಳವಾಗಿತ್ತು. ಕಲ್ಲಿನಿಂದ ಇಂಥ ಸಂಗತಿಯನ್ನು ಓದುವುದೆಂತು? ಒಂದು ನೌಕಾಯಾನದ ಮೊದಲ ದಿನಗಳು ಇದನ್ನು ತಿಳಿಸುತ್ತವೆ.

1831ರ ಡಿಸೆಂಬರ್ 27ರಂದು ‘ಬೀಗಲ್’ ಹಡಗು ಇಂಗ್ಲೆಂಡನ್ನು ಬಿಟ್ಟಿತು. ತರುಣ ಚಾರ್ಲ್ಸ್ ಡಾರ್ವಿನ್ ಕಡಲಬೇನೆಯಿಂದ ಬಳಲಿದನು. ಕಾಲರಾ ಭಯದಿಂದ ಟೆನೆರೀಫ್ ದ್ವೀಪದಲ್ಲಿ ಇಳಿಯಗೊಡಲಿಲ್ಲ. 1832ರ ಜನವರಿ 16ರಂದು ಕೇಪ್ ವರ್ಡಿಯ ಸ್ಯಾಂಟಿಯಾಗೊ ದ್ವೀಪವನ್ನು ಮುಟ್ಟಿದ ಮೇಲೆ, ಹರಳುಗಿಡದಲ್ಲಿ ಕುಳಿತು ಮಿಡತೆ ಹಿಡಿಯುವ ಮಿಂಚುಳ್ಳಿ, ಬಣ್ಣ ಬದಲಿಸಿ ಅಡಗುವ ಅಷ್ಟಪಾದಿ ಅವನಿಗೆ ಕಾಣಿಸಿದವು. ಇವೆಲ್ಲಕ್ಕೂ ಮಿಗಿಲಾದುದು ದಂಡೆಯ ಕಡಿದಾದ ಬಂಡೆಯಲ್ಲಿದ್ದ ಬಿಳಿಯ ಪಟ್ಟಿ. ನೀರಿಗಿಂತ ಸುಮಾರು 45 ಅಡಿ ಎತ್ತರದಲ್ಲಿ ಕಡಲಚಿಪ್ಪು ತುಂಬಿದ ಸುಣ್ಣದ ಪದರ. ಅದರ ಮೇಲೆ ಲಾವಾ. ಚಿಪ್ಪುಗಳಿರುವುದರಿಂದ ಪದರವು ಕಡಲಡಿಯಲ್ಲಿ ಕೂಡಿದ್ದು. ಮೇಲಿರುವುದರಿಂದ ಲಾವಾ ಅನಂತರದ್ದು. ಪದರವೀಗ ನೀರಿನ ಮೇಲಿರುವುದರಿಂದ ನೆಲವು ಎದ್ದಿರಬೇಕು ಎಂದು ಅವನು ತರ್ಕಿಸಿದನು.

ನಮ್ಮಲ್ಲಿಯೂ ಇದೇ ಕ್ರಮವುಂಟು: ಕೆಳಗೆ ಸುಣ್ಣಕಲ್ಲು, ಚಿಂಚೋಳಿಯ ಕಡೆ ಅದರ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕರಿಕಲ್ಲು. ಆದರೆ ಶಹಾಬಾದ್ ಕಲ್ಲಿನಲ್ಲಿ ಚಿಪ್ಪುಗಳಿಲ್ಲ. ಚಿಪ್ಪಿನ ಪ್ರಾಣಿಗಳು ಹುಟ್ಟುವ ಮುನ್ನವೇ ಅದು ಕೂಡಿತು. ಇಲ್ಲಿ ಸಾಕ್ಷಿ ಹೇಳುವುವು ಅದರ ತೆಳುವಾದ ಸಮಪದರಗಳು. ಶಾಂತವಾದ ನೀರಿನಲ್ಲಿ ಸುಣ್ಣದ ಕೆಸರು ಒಂದರ ಮೇಲೊಂದಾಗಿ ತಂಗಿದುದರಿಂದಲೇ ಆ ಕಲ್ಲು ಇಂದು ಹಲಗೆಯಂತೆ ಸೀಳಿ ನಮ್ಮ ನೆಲಕ್ಕೆ ಹಾಸಾಗುತ್ತದೆ.