ಅಬ್ಬರಿಸಿದವರೇ ಮೆಲ್ಲಗಾದರು

ಮಗನ ಕೋಣೆಯಿಂದ ಯಾರೋ ಗಂಟಲು ಹರಿದುಕೊಳ್ಳುವಂಥ ಹಾಡು ಬಂದರೆ 'ಸ್ವಲ್ಪ ತಗ್ಗಿಸೋ ಮಾರಾಯಾ' ಎನ್ನುತ್ತೀರಿ ತಾನೆ? ದಹಿಸರ್‌ನ ಫ್ಲಾಟುಗಳಲ್ಲಿ ಪಕ್ಕದ ಮನೆಯವರೂ ಪುಕ್ಕಟೆ ಶ್ರೋತೃಗಳು! ಆ ಹಾಡು ಬ್ಲ್ಯಾಕ್ ಮೆಟಲ್ ಆಗಿರಬಹುದು. (ಇದರ ದಾಯಾದಿ ಡೆತ್ ಮೆಟಲ್. ಅದರಲ್ಲಿ ಬೆಂಗಳೂರಿನ 'ದ್ವೇಷ' ತಂಡ ಕನ್ನಡದಲ್ಲೇ ಹಾಡಿ 2014ರಲ್ಲಿ 'ಸ್ತೂಪ' ಎಂಬ ಆಲ್ಬಮ್ ತಂದಿದೆ.)

ವಿಚಿತ್ರವೆಂದರೆ, 1990ರ ದಶಕದಲ್ಲಿ ನಾರ್ವೆಯಲ್ಲಿ ಹೀಗೆ ಅಬ್ಬರಿಸಿದ ಹಲವರು ಆಂಬಿಯೆಂಟ್ ಸಂಗೀತಕ್ಕೆ ಹೊರಳಿದರು. ತಾಳ, ಪಲ್ಲವಿಗಳ ಹಂಗಿಲ್ಲದೆ ಕೋಣೆಯ ಗಾಳಿಯಂತೆ ಸುಮ್ಮನೆ ಹರಡಿಕೊಳ್ಳುವ ಸಂಗೀತ ಅದು. 1978ರಲ್ಲಿ ಬ್ರಯಾನ್ ಈನೋ ವಿಮಾನ ನಿಲ್ದಾಣಗಳಿಗೆಂದೇ ಅಂಥದೊಂದು ಆಲ್ಬಮ್ ಮಾಡಿದ್ದರು.

ಬೆಂಕಿಗೂ ಮಂಜಿಗೂ ಎಲ್ಲಿಯ ನಂಟು? ನಿಮ್ಮ ಸೀಲಿಂಗ್ ಫ್ಯಾನ್ ನೋಡಿ. ನಿಧಾನಕ್ಕೆ ತಿರುಗಿದಾಗ ರೆಕ್ಕೆಗಳನ್ನು ಎಣಿಸಬಹುದು, ಐದಕ್ಕಿಟ್ಟರೆ ಒಂದು ಚಕ್ರ ಮಾತ್ರ ಕಾಣುತ್ತದೆ. ಬ್ಲ್ಯಾಕ್ ಮೆಟಲ್‌ನಲ್ಲೂ ಗಿಟಾರಿನ ಒಂದೇ ತಂತಿಯನ್ನು ಅದೆಷ್ಟು ವೇಗವಾಗಿ ಮೀಟುತ್ತಾರೆಂದರೆ, ಬಿಡಿ ಸ್ವರಗಳು ಕರಗಿ ತಂಬೂರಿಯ ಶ್ರುತಿಯಂತೆ ಒಂದೇ ನಾದವಾಗುತ್ತದೆ. ಡ್ರಮ್ ತೆಗೆದುಬಿಡಿ, ಅರ್ಧ ಆಂಬಿಯೆಂಟ್ ಅಲ್ಲೇ ಇದೆ. ಬೀಜವೂ ಹಳೆಯದೇ. ಮೇಹೆಮ್ ತಂಡದ 1987ರ 'ಡೆತ್‌ಕ್ರಷ್' ಶುರುವಾಗುವುದೇ ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತಗಾರ ಕಾನ್ರಾಡ್ ಷ್ನಿಟ್ಸ್‌ಲರ್ ಕೊಟ್ಟ ತುಣುಕಿನಿಂದ.

ಬುರ್ಜುಮ್ ಎಂಬ ಹೆಸರಿನಲ್ಲಿ ಒಬ್ಬನೇ ನುಡಿಸುತ್ತಿದ್ದ ವಾರ್ಗ್ ವಿಕರ್ನೆಸ್‌ನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮೇಹೆಮ್‌ನ ಯೂರೋನಿಮಸ್‌ನನ್ನು ಕೊಂದದ್ದಕ್ಕೆ ಮತ್ತು ಚರ್ಚುಗಳಿಗೆ ಬೆಂಕಿ ಇಟ್ಟದ್ದಕ್ಕೆ ಅವನಿಗೆ 1994ರಲ್ಲಿ 21 ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿ ಸಿಂಥಸೈಜರ್ ಮಾತ್ರ ಸಿಕ್ಕಿತು, 1997 ಮತ್ತು 1999ರ ಆಲ್ಬಮ್‌ಗಳು ಹಾಗೆ ಹುಟ್ಟಿದವು. ಜೈಲೇ ಅವನನ್ನು ಮೆತ್ತಗಾಗಿಸಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1996ರಲ್ಲಿ ಹೊರಬಂದ 'ಫಿಲೊಸೊಫೆಮ್' ಆಲ್ಬಮ್ಮನ್ನು ಅವನು 1993ರಲ್ಲೇ, ಬಂಧನಕ್ಕೆ ಮೊದಲೇ ಧ್ವನಿಮುದ್ರಿಸಿದ್ದ. ಅದರಲ್ಲಿ 25 ನಿಮಿಷದ ಒಂದು ಸಿಂಥಸೈಜರ್ ತುಣುಕಿದೆ. ದಹಿಸರ್‌ನಲ್ಲಿ ಸ್ಲೋ ಲೋಕಲ್ ಹತ್ತಿದವರು ಅಂಧೇರಿ ಸಮೀಪಿಸುವವರೆಗೂ ಅದು ಮುಗಿಯುವುದಿಲ್ಲ! ಜೈಲು ಅವನ ಗಿಟಾರ್ ಕಿತ್ತುಕೊಂಡಿತು ನಿಜ, ದಾರಿ ಮಾತ್ರ ಮೊದಲೇ ತೆರೆದಿತ್ತು.

2009ರಲ್ಲಿ ಹೊರಬಂದ ಮೇಲೂ ಅವನ ಜನಾಂಗದ್ವೇಷದ ಮಾತು ನಿಲ್ಲಲಿಲ್ಲ. ಸಂಗೀತ ಮೆತ್ತಗಾದರೆ ಮನುಷ್ಯನೂ ಮೆತ್ತಗಾಗಬೇಕೆಂದಿಲ್ಲ ನೋಡಿ. ಅವನನ್ನು ನನ್ನ ಸರದಿಯಲ್ಲಿ ಹಾಕುವ ಮನಸ್ಸು ನನಗಿಲ್ಲ.

ಡಾರ್ಕ್‌ಥ್ರೋನ್‌ನ ಡ್ರಮ್ಮರ್ ಫೆನ್ರಿಜ್ 1994ರಲ್ಲಿ ನೆಪ್ಚೂನ್ ಟವರ್ಸ್ ಹೆಸರಿನಲ್ಲಿ ಬಾಹ್ಯಾಕಾಶದ ಗುಂಗು ಹಿಡಿಸುವ ಆಲ್ಬಮ್ ಮಾಡಿದ. ಎಂಪರರ್ ತಂಡ ಬಿಟ್ಟ ಮೋರ್ಟಿಸ್ ಕೀಬೋರ್ಡ್ ಹಿಡಿದ. ನನ್ನ ಓಟು ಮಾತ್ರ ಓಸ್ಲೋದ ಉಲ್ವರ್ ತಂಡಕ್ಕೆ. 1997ರ 'ನಾಟೆನ್ಸ್ ಮಾದ್ರಿಗಾಲ್'ನಲ್ಲಿ ಕಿವಿ ಕೊರೆದವರು 2000ದ 'ಪರ್ಡಿಷನ್ ಸಿಟಿ' ಹೊತ್ತಿಗೆ ರಾತ್ರಿಯ ನಗರದ ದೀಪಗಳಂಥ ಸಂಗೀತಕ್ಕೆ ಬಂದಿದ್ದರು. ಆಮೇಲೆ ಸಿನಿಮಾಗಳಿಗೂ ಕೆಲಸ ಮಾಡಿದರು.

ಹಳೆಯ ಅಭಿಮಾನಿಗಳು ಬೈದರು, ಬಿಡಿ. ನೀವು 'ಪರ್ಡಿಷನ್ ಸಿಟಿ'ಯಿಂದಲೇ ಶುರುಮಾಡಿ. ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹೆಡ್‌ಫೋನ್ ಇಲ್ಲದಿದ್ದರೆ ಮಗನದೇ ಕೇಳಿ ಪಡೆಯಿರಿ.